ಸರ್ವರ್ ಎದ್ದಿತು, ಲಾಗಿನ್ ಆಗಲಿಲ್ಲ

ಐದು ವಿಂಡೋಸ್ ಸರ್ವರ್, ಎಲ್ಲ ಸೇರಿ 2 ಟಿಬಿ ಡೇಟಾ, ಹೊರಗೆ ಹೋಗಲು 50 ಎಂಬಿಪಿಎಸ್ ಲೈನು. ಹುಬ್ಬಳ್ಳಿಯ ಒಂದು ಕಚೇರಿಯ ಈ ಸರಂಜಾಮಿಗೆ ಅಮೆಜಾನ್‌ನ ಕ್ಲೌಡ್ ಸೇವೆ ಎಡಬ್ಲ್ಯೂಎಸ್‌ನ ಮುಂಬೈ ರೀಜನ್‌ನಲ್ಲಿ ಡಿಆರ್ (ಅವಘಡವಾದರೆ ಕೆಲಸಕ್ಕೆ ಬರುವ ಬದಲಿ ವ್ಯವಸ್ಥೆ) ಕಟ್ಟಿ, ಭಾನುವಾರ ಬೆಳಿಗ್ಗೆ ಡ್ರಿಲ್, ಅಂದರೆ ತಾಲೀಮು, ಇಟ್ಟದ್ದು. ಆರ್‌ಟಿಒ ಎರಡು ಗಂಟೆ. ಇದು ಗಾಡಿ ನೋಂದಣಿಯ ಆರ್‌ಟಿಒ ಅಲ್ಲ, ಬಿದ್ದ ವ್ಯವಸ್ಥೆ ಮತ್ತೆ ಏಳಲು ಕೊಟ್ಟ ಗಡುವು.

ಬಳಸಿದ್ದು ಎಡಬ್ಲ್ಯೂಎಸ್‌ನದೇ ಎಲಾಸ್ಟಿಕ್ ಡಿಸಾಸ್ಟರ್ ರಿಕವರಿ ಸೇವೆ. ಪ್ರತಿ ಸರ್ವರ್‌ನಲ್ಲೂ ಒಂದು ಏಜೆಂಟ್ ಕೂತು, ಡಿಸ್ಕ್‌ನಲ್ಲಿ ಬದಲಾದ ಬ್ಲಾಕ್‌ಗಳನ್ನು ಆಗಿಂದಾಗ್ಗೆ ಕ್ಲೌಡ್‌ಗೆ ದಾಟಿಸುತ್ತದೆ. ಅಲ್ಲಿ ಟಿ3.ಸ್ಮಾಲ್ ಗಾತ್ರದ ಚಿಕ್ಕ ಯಂತ್ರವೊಂದು ಅವನ್ನು ಇಸಕೊಂಡು ಡಿಸ್ಕ್‌ಗೆ ಬರೆಯುತ್ತದೆ. ದೊಡ್ಡ ಯಂತ್ರಗಳು ಹುಟ್ಟುವುದು ಡ್ರಿಲ್‌ಗೆ ಇಲ್ಲವೇ ಅವಘಡಕ್ಕೆ ಮಾತ್ರ, ಬಿಲ್ ಹತೋಟಿಯಲ್ಲಿರುವುದೂ ಅದಕ್ಕೇ.

ಮೊದಲ ಸಿಂಕ್ 0% ಬಿಟ್ಟು ಕದಲಲಿಲ್ಲ. ಫೈರ್‌ವಾಲ್‌ನಲ್ಲಿ 443ನೇ ಪೋರ್ಟ್ (ನೆಟ್‌ವರ್ಕಿನ ಬಾಗಿಲು) ತೆರೆದಿತ್ತು, ಹಾಗಾಗಿ ಏಜೆಂಟ್ ಸಲೀಸಾಗಿ ಇನ್‌ಸ್ಟಾಲ್ ಆಗಿ ಕನ್ಸೋಲ್‌ನಲ್ಲೂ ಕಾಣಿಸಿತು. ಆದರೆ ಡೇಟಾ ಹರಿಯುವುದು ಟಿಸಿಪಿ 1500ನೇ ಪೋರ್ಟ್‌ನಲ್ಲಿ, ಅದು ಮುಚ್ಚಿತ್ತು. ತೆರೆದ ಮೇಲೆ ಬರುವುದು ಕಾಯುವ ಲೆಕ್ಕ: 2 ಟಿಬಿ ಪೂರ್ತಿ ಲೈನಿನಲ್ಲಿ ಹೋದರೆ 89 ಗಂಟೆ, ಕಚೇರಿಗೂ ಇಂಟರ್ನೆಟ್ ಬೇಕೆಂದು ಅರ್ಧ ಕೊಟ್ಟರೆ ಏಳೂವರೆ ದಿನ. ಏಜೆಂಟ್ ಡೇಟಾವನ್ನು ಕುಗ್ಗಿಸಿ ಕಳಿಸುತ್ತದೆ ನಿಜ, ಅದನ್ನು ನಂಬಿ ದಿನಾಂಕ ಹೇಳುವುದು ಬೇಡ.

ಸಿಂಕ್ ಮುಗಿದ ಮೇಲೂ ದಿನಾ ಬೆಳಿಗ್ಗೆ ಡೇಟಾಬೇಸ್ ಸರ್ವರ್ ಐದಾರು ಗಂಟೆ ಹಿಂದುಳಿದಿರುತ್ತಿತ್ತು. ರಾತ್ರಿ ಒಂದಕ್ಕೆ ಎಸ್‌ಕ್ಯೂಎಲ್ ಸರ್ವರ್ 120 ಜಿಬಿಯ ಬ್ಯಾಕಪ್ ಫೈಲನ್ನು ಅದೇ ಡಿ ಡ್ರೈವ್‌ಗೆ ಬರೆಯುತ್ತಿತ್ತು. ಏಜೆಂಟ್‌ಗೆ ಕಾಣುವುದು ಬ್ಲಾಕ್ ಮಾತ್ರ. ಬ್ಯಾಕಪ್ಪೋ ಅಸಲಿಯೋ ಅದಕ್ಕೆ ಗೊತ್ತಿಲ್ಲ. ಅಷ್ಟೂ ದಾಟಲು ಐದು ಗಂಟೆ ಇಪ್ಪತ್ತು ನಿಮಿಷ. ಫೋಲ್ಡರ್ ಮಟ್ಟದಲ್ಲಿ ಹೊರಗಿಡುವ ದಾರಿಯಿಲ್ಲ, ಡಿಸ್ಕ್ ಮಟ್ಟದಲ್ಲಿದೆ. ಬ್ಯಾಕಪ್‌ಗೆ ಬೇರೆ ಡಿಸ್ಕ್ ಹಾಕಿ, ಏಜೆಂಟ್ ಇನ್‌ಸ್ಟಾಲ್ ಮಾಡುವಾಗ ಆ ಡಿಸ್ಕನ್ನು ಪಟ್ಟಿಯಿಂದ ಬಿಟ್ಟರೆ ಸರಿಹೋಗುತ್ತದೆ. ಇಂಡೆಕ್ಸ್ ರೀಬಿಲ್ಡ್ (ಡೇಟಾಬೇಸಿನ ಸೂಚಿಯನ್ನು ಹೊಸದಾಗಿ ಕಟ್ಟುವುದು) ಕೂಡ ಇದೇ ಜಾತಿಯದು, ಅದನ್ನು ಶನಿವಾರಕ್ಕೆ ತಳ್ಳಿದ್ದಾಯಿತು.

ಇನ್ನು ಡ್ರಿಲ್. ಮೂರು ಸರ್ವರ್ ಹುಟ್ಟಿ ನಾಲ್ಕನೆಯದಕ್ಕೆ ವಿಸಿಪಿಯು (ಕ್ಲೌಡ್ ಯಂತ್ರದ ಪ್ರೊಸೆಸರ್) ಮಿತಿ ಮೀರಿದೆ ಎಂಬ ಎರರ್ ಬಂತು. ಹೊಸ ಖಾತೆಗಳಿಗೆ ಈ ಮಿತಿ ಚಿಕ್ಕದು, ಪ್ರತಿ ರೀಜನ್‌ಗೂ ಬೇರೆ. ಏರಿಸಲು ಮುಂಚಿತವಾಗಿ ಅರ್ಜಿ ಹಾಕಿಕೊಳ್ಳಬೇಕು. ಬೆಂಕಿ ಬಿದ್ದ ದಿನ ಹಾಕುವ ಅರ್ಜಿಯಲ್ಲ ಅದು. ಸದ್ಯಕ್ಕೆ ಯಂತ್ರಗಳ ಗಾತ್ರ ಇಳಿಸಿ ಮುಂದುವರಿಸಲಾಯಿತು.

ಎಲ್ಲ ಎದ್ದವು, ಲಾಗಿನ್ ಮಾತ್ರ ಯಾವುದರಲ್ಲೂ ಇಲ್ಲ. ಕ್ಲೌಡ್‌ನಲ್ಲಿ ಏಳುವ ಯಂತ್ರಕ್ಕೆ ನೆಟ್‌ವರ್ಕ್ ಕಾರ್ಡ್ ಹೊಸದು, ವಿಳಾಸ ಡಿಎಚ್‌ಸಿಪಿಯಿಂದ (ವಿಳಾಸವನ್ನು ತಾನಾಗಿ ಹಂಚುವ ವ್ಯವಸ್ಥೆ), ಹೆಸರಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಅಮೆಜಾನ್‌ನದು. ಆ ಡಿಎನ್‌ಎಸ್‌ಗೆ ಕಚೇರಿಯ ಡೊಮೇನ್ ಗೊತ್ತೇ ಇಲ್ಲ. ಮದ್ದು ಎರಡು ಸಾಲಿನದು: ಲಾಂಚ್ ಟೆಂಪ್ಲೇಟ್‌ನಲ್ಲಿ (ಯಂತ್ರ ಹೇಗೆ ಏಳಬೇಕೆಂಬ ಪಟ್ಟಿ) ಲಾಗಿನ್ ಪರಿಶೀಲಿಸುವ ಡೊಮೇನ್ ಕಂಟ್ರೋಲರ್‌ಗೆ ಖಾಯಂ ಐಪಿ, ವಿಪಿಸಿಯ (ಕ್ಲೌಡ್‌ನಲ್ಲಿನ ಖಾಸಗಿ ನೆಟ್‌ವರ್ಕ್) ಡಿಎಚ್‌ಸಿಪಿ ಆಯ್ಕೆಯಲ್ಲಿ ಅದೇ ಐಪಿಯನ್ನು ಡಿಎನ್‌ಎಸ್ ಎಂದು ಬರೆಯುವುದು. ಎಬ್ಬಿಸುವ ಕ್ರಮವೂ ಹಾಗೇ: ಮೊದಲು ಡೊಮೇನ್ ಕಂಟ್ರೋಲರ್, ಆಮೇಲೆ ಡೇಟಾಬೇಸ್, ಕೊನೆಗೆ ಅಪ್ಲಿಕೇಶನ್. ಅಪ್ಲಿಕೇಶನ್ನು ಡೇಟಾಬೇಸ್ ಹುಡುಕಲು ಬಳಸುವ ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಯಾರೋ ಹಿಂದೆಂದೋ 192.168.1.20 ಎಂದು ಗಟ್ಟಿಯಾಗಿ ಕೂರಿಸಿದ್ದರು. ಅಲ್ಲಿ ಹೆಸರು ಬರೆಯಬೇಕಾಯಿತು.

ಮೊದಲ ವರದಿ ತೆರೆಯಲು ಹನ್ನೊಂದು ನಿಮಿಷ ಹಿಡಿಯಿತು. ಇದು ದೋಷವಲ್ಲ. ಸ್ನ್ಯಾಪ್‌ಶಾಟ್‌ನಿಂದ (ಡಿಸ್ಕ್‌ನ ಒಂದು ಕ್ಷಣದ ನಕಲು) ಹುಟ್ಟಿದ ಡಿಸ್ಕ್ ಪ್ರತಿ ಬ್ಲಾಕನ್ನೂ ಮೊದಲ ಸಲ ಓದಿದಾಗಷ್ಟೇ ಅಮೆಜಾನ್‌ನ ಸಂಗ್ರಹವಾದ ಎಸ್3ಯಿಂದ ಎಳೆದು ತರುತ್ತದೆ, ಎರಡನೇ ಸಲ ಸರಾಗ. ಲೆಕ್ಕಪತ್ರದ ತಂತ್ರಾಂಶ ಮಾತ್ರ ಏಳಲೇ ಇಲ್ಲ: ಅದರ ಲೈಸೆನ್ಸ್ ಯುಎಸ್‌ಬಿ ಡಾಂಗಲ್‌ನಲ್ಲಿತ್ತು, ಮುಂಬೈಯ ವರ್ಚುವಲ್ ಯಂತ್ರಕ್ಕೆ ಅದನ್ನು ಚುಚ್ಚುವುದೆಲ್ಲಿ?

ಡ್ರಿಲ್‌ನ ಸಬ್‌ನೆಟ್‌ಗೆ ಹೊರಗಿನ ದಾರಿ ಇಟ್ಟಿರಲಿಲ್ಲ, ಪುಣ್ಯ. ಎದ್ದ ನಕಲು ಸರ್ವರ್ ತಾನೇ ಅಸಲಿ ಎಂದುಕೊಂಡು ಹತ್ತು ಗಂಟೆಯ ಎಸ್‌ಎಂಎಸ್ ಕೆಲಸ ಶುರುಮಾಡಿತ್ತು. ದಾರಿ ಇದ್ದಿದ್ದರೆ ಗ್ರಾಹಕರಿಗೆ ಒಂದೇ ಕಂತಿನ ನೆನಪೋಲೆ ಎರಡೆರಡು ಸಲ ಹೋಗುತ್ತಿತ್ತು.

ರ್‍ಯಾನ್ಸಮ್‌ವೇರ್ ಹೊಕ್ಕು ಫೈಲುಗಳನ್ನು ಗೂಢಲಿಪಿಗೆ ತಿರುಗಿಸಿ ಹಣ ಕೇಳಿದರೆ, ರೆಪ್ಲಿಕೇಶನ್ (ಏಜೆಂಟ್ ಮಾಡುವ ಈ ನಕಲು ಕೆಲಸ) ಆ ಗೂಢಲಿಪಿಯನ್ನೂ ಅಷ್ಟೇ ನಿಷ್ಠೆಯಿಂದ ದಾಟಿಸುತ್ತದೆ. ಆಗ ಕೈಹಿಡಿಯುವುದು ಹಳೆಯ ಸ್ನ್ಯಾಪ್‌ಶಾಟ್. ಕಳೆದ ಒಂದು ಗಂಟೆಗೆ ಹತ್ತು ನಿಮಿಷಕ್ಕೊಂದು, ಒಂದು ದಿನಕ್ಕೆ ಗಂಟೆಗೊಂದು, ಏಳು ದಿನಕ್ಕೆ ದಿನಕ್ಕೊಂದು ಇರುತ್ತದೆ. ಏಳು ಸಾಲದೆಂದು 30ಕ್ಕೆ ಏರಿಸಿದೆವು. ಕ್ಲೌಡ್ ಖಾತೆಯ ಪಾಸ್‌ವರ್ಡ್ ಕಚೇರಿಯ ಡೊಮೇನ್‌ಗೆ ಸಂಬಂಧವಿಲ್ಲದ್ದು, ಜೊತೆಗೆ ಎಂಎಫ್‌ಎ (ಪಾಸ್‌ವರ್ಡ್ ಮೇಲೆ ಇನ್ನೊಂದು ಪರಿಶೀಲನೆ).

ಮೂರು ಗಂಟೆ ಹತ್ತು ನಿಮಿಷಕ್ಕೆ ಡ್ರಿಲ್ ಮುಗಿಯಿತು. ಯಂತ್ರಗಳನ್ನು ಟರ್ಮಿನೇಟ್ ಮಾಡಿದ್ದಾಯಿತು. ಮರೆತರೆ ಅವುಗಳ ಮೀಟರ್ ಓಡುತ್ತಲೇ ಇರುತ್ತದೆ. ವಾಪಸ್ ಕಚೇರಿಗೆ ತರುವ ಫೇಲ್‌ಬ್ಯಾಕ್ ಇನ್ನೂ ಬಾಕಿ, ಅದಕ್ಕೆ ಬೇರೆ ಭಾನುವಾರವೇ ಬೇಕು. ಅಂದ ಹಾಗೆ, ಇಷ್ಟೆಲ್ಲ ಹೆಜ್ಜೆಗಳನ್ನು ಬರೆದಿಟ್ಟಿದ್ದ ಫೈಲು ಇದ್ದದ್ದು ಆ ಐದರಲ್ಲೇ ಒಂದಾದ ಫೈಲ್ ಸರ್ವರ್‌ನಲ್ಲಿ. ಸೋಮವಾರ ಎರಡು ಪ್ರತಿ ಪ್ರಿಂಟ್ ತೆಗೆದದ್ದು.