ಗರಗಸದಿಂದ ಶುರು

ಮಗಳಿಗೆ ಐದು ತುಂಬಿದೆ. ಅ ಆ ಇ ಈ ಅಂತ ಹಾಡಿನ ಹಾಗೆ ಒಪ್ಪಿಸುತ್ತಾಳೆ. ನಡುವೆ ಎಲ್ಲೋ ಬೆರಳಿಟ್ಟು ‘ಇದ್ಯಾವುದು ಪುಟ್ಟಿ?’ ಅಂದರೆ ಮಾತ್ರ ಮತ್ತೆ ಮೊದಲಿಂದ ಹಾಡಿಕೊಂಡು ಬರಬೇಕು. ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವ ನಮ್ಮಕ್ಕ ನೋಡಿ ನಕ್ಕಳು. ‘ವರ್ಣಮಾಲೆ ಆಮೇಲಿರಲಿ ಕಣೇ, ರ ಗ ಸ ದ ಅ ಹಿಡಿ.’

ಅದು ನಲಿ-ಕಲಿಯ ಕ್ರಮ, ಸರ್ಕಾರಿ ಶಾಲೆಗಳಲ್ಲಿ ಆಡಿಸುತ್ತಾ ಕಲಿಸುವ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆ ಕಡೆಯ ಶಾಲೆಗಳಲ್ಲಿ ಶುರುವಾದದ್ದು. ಈ ಐದೇ ಅಕ್ಷರದಲ್ಲಿ ಸರ, ಅಗಸ, ದಸರ, ಗರಗಸ ಎಲ್ಲ ಓದಬಹುದು! ಗರಗಸ ಓದಿದ ದಿನ ಅವಳ ಜಂಬ ನೋಡಬೇಕಿತ್ತು. ತಾತನ ಹಳೇ ಗರಗಸವನ್ನು ಅಟ್ಟದಿಂದ ಇಳಿಸಿ ತೋರಿಸುವ ತನಕ ಬಿಡಲಿಲ್ಲ.

ಜ ವ ಮ ಬ ನ ಬಂದಾಗ ಸ್ವಲ್ಪ ಜಗ್ಗಾಟ. ವ, ಮ ಎರಡೂ ಅವಳ ಕಣ್ಣಿಗೆ ಒಂದೇ. ತಟ್ಟೆಗೆ ರವೆ ಹರಡಿ ಬೆರಳಲ್ಲಿ ಬರೆಸಿದೆ: ವ ಬರೆದು ಕೈ ಎತ್ತದೆ ಬಾಲ ಎಳೆದರೆ ಮ. (ರವೆ ಆಮೇಲೆ ಉಪ್ಪಿಟ್ಟಾಯಿತು.) ಕಾಗುಣಿತಕ್ಕೆ ನನಗೇನೂ ಆತುರವಿಲ್ಲ. ಸದ್ಯಕ್ಕೆ ರಾಜಾಜಿನಗರದ ಬಸ್ಸು ಬಂದರೆ ಬೋರ್ಡಿನಲ್ಲಿ ‘ನಗರ’ ಅವಳದು, ‘ರಾಜಾಜಿ’ ನನ್ನದು.