ತುಮಕೂರಿನ ಹಿತ್ತಲಿನಿಂದ ರಾತ್ರಿ ಆಕಾಶದ ಏನನ್ನು ಕ್ಯಾಮೆರಾದಲ್ಲಿ ಹಿಡಿಯಬಹುದು?

ನಮ್ಮ ಮನೆ ತುಮಕೂರಿನ ಅಂಚಿನ ಬಡಾವಣೆಯಲ್ಲಿದೆ. ಹಿತ್ತಲಲ್ಲಿ ನಿಂತರೆ ಆಗ್ನೇಯಕ್ಕೆ ಬೆಂಗಳೂರಿನ ಬೆಳಕು ಮಂಕಾಗಿ ಹರಡಿರುತ್ತದೆ, ಪಕ್ಕದಲ್ಲೇ ಬೀದಿದೀಪ ಬೇರೆ. ಹಾಗಾಗಿ ಆಕಾಶದಲ್ಲಿ ಚೆಂದ ಅನ್ನಿಸಿದ್ದನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿಯಲು ಹೋಗಬಾರದು. ನಾನು ಎಂ33 ಗ್ಯಾಲಕ್ಸಿಗೆ ಮೂರು ರಾತ್ರಿ ಕಳೆದೆ, ಏನೂ ಸಿಗಲಿಲ್ಲ. ಆಕಾಶಕಾಯಗಳ ಕ್ಯಾಟಲಾಗಿನಲ್ಲಿ (ಪಟ್ಟಿಯಲ್ಲಿ) ಬರೆದ ಪ್ರಕಾಶವನ್ನಷ್ಟೇ ನಂಬಬೇಡಿ, ಆ ಬೆಳಕು ಎಷ್ಟು ಅಗಲಕ್ಕೆ ಹರಡಿದೆ ಅಂತ ನೋಡಿ. ಜಾಸ್ತಿ ಹರಡಿದ್ದರೆ ನಮ್ಮ ಆಕಾಶದಲ್ಲಿ ಕರಗಿಹೋಗುತ್ತದೆ.

ನಕ್ಷತ್ರ ಗುಚ್ಛಗಳು ಮೋಸ ಮಾಡುವುದಿಲ್ಲ. ಅದರಲ್ಲೂ ಒಮೆಗಾ ಸೆಂಟಾರಿ! ಸುಮಾರು 1 ಕೋಟಿ ನಕ್ಷತ್ರಗಳ ಗುಂಪು, ಸುಮಾರು 17,000 ಜ್ಯೋತಿರ್ವರ್ಷ ದೂರ. ಲಂಡನ್ನಿನವರಿಗೆ ಅದು ಕಾಣುವುದೇ ಇಲ್ಲ. ನಾವು 13 ಡಿಗ್ರಿ ಅಕ್ಷಾಂಶದಲ್ಲಿದ್ದೇವೆ ಅಲ್ವಾ, ನಮಗೆ ದಕ್ಷಿಣದಲ್ಲಿ 29 ಡಿಗ್ರಿ ಎತ್ತರಕ್ಕೆ ಬರುತ್ತದೆ. ಏಪ್ರಿಲ್‌ನಲ್ಲಿ ಮಧ್ಯರಾತ್ರಿ ದಾಟಿ, ಅದು ಸ್ವಲ್ಪ ಪಶ್ಚಿಮಕ್ಕೆ ವಾಲುವವರೆಗೆ ಕಾದರೆ ಬೆಂಗಳೂರಿನ ಬೆಳಕಿನಿಂದಲೂ ದೂರ ಸರಿದಿರುತ್ತದೆ.

ನೀಹಾರಿಕೆಗಳಿಗೆ, ಅಂದರೆ ಹೊಳೆಯುವ ಅನಿಲದ ಮೋಡಗಳಿಗೆ, ಡ್ಯುಯಲ್ ಬ್ಯಾಂಡ್ ಫಿಲ್ಟರ್ ಬೇಕು. ಹೈಡ್ರೋಜನ್ನಿನ 656, ಆಕ್ಸಿಜನ್ನಿನ 501 ನ್ಯಾನೊಮೀಟರ್ ಬೆಳಕನ್ನು ಒಳಗೆ ಬಿಟ್ಟು ಉಳಿದದ್ದನ್ನು ಬಹುಪಾಲು ತಡೆಯುತ್ತದೆ. ರೋಸೆಟ್ ನೀಹಾರಿಕೆ ನನಗೆ ಹಾಗೇ ಸಿಕ್ಕಿತು. ಲಗೂನ್ ನೀಹಾರಿಕೆ ಮಾತ್ರ ಸಂಜೆ ಹೊತ್ತಿಗೆ ಮೇಲೆ ಬರುವಷ್ಟರಲ್ಲಿ ಮಳೆಗಾಲ ಶುರುವಾಗಿರುತ್ತದೆ. ಅದಕ್ಕೆ ಮೇ ತಿಂಗಳಲ್ಲಿ ಬೆಳಗಿನ ಜಾವ ಮೂರಕ್ಕೇ ಏಳುತ್ತೇನೆ.