ಹೊಲ ಸಾವಯವ, ಕೊಪ್ಪರಿಗೆ?

ಕೊಟ್ಟಿಗೆ ಗೊಬ್ಬರ ಹಾಕಿ, ರವದಿ (ಕಬ್ಬಿನ ಒಣ ಸೋಗೆ) ಸುಡದೆ ಸಾಲಿಗೆ ಹೊದಿಸಿ ಕಬ್ಬು ಬೆಳೆದು, ಕೊನೆಗೆ ಬೆಲ್ಲ ಕಾಯಿಸುವ ಕೊಪ್ಪರಿಗೆಗೆ ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಪುಡಿ ಹಾಕಿದರೆ ವರ್ಷದ ದುಡಿಮೆ ಎರಡು ಮೂರು ಗಂಟೆಯಲ್ಲಿ ಮಣ್ಣುಪಾಲು. ಸಾಂಪ್ರದಾಯಿಕ ಬೆಲ್ಲ ಅಂದ ಮಾತ್ರಕ್ಕೂ ನಂಬುವಂತಿಲ್ಲ. ಗಾಣ, ಒಲೆ ಹಳೆಯವೇ. ಬಣ್ಣದ ಪುಡಿ ಕಾರ್ಖಾನೆಯದು.

ಹೈಡ್ರೋಸ್ ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಅದು ಕೊಳೆ ತೆಗೆಯುವುದಿಲ್ಲ, ಬಣ್ಣ ಮರೆಸುತ್ತದೆ ಅಷ್ಟೆ. ಹೊಂಬಣ್ಣದ ಅಚ್ಚು ಇಟ್ಟಲ್ಲೇ ಗಾಳಿ ತಾಗಿ ಮತ್ತೆ ಕಪ್ಪಾಗುತ್ತದೆ. ಗಂಧಕದ ಅಂಶ ಒಳಗೇ ಉಳಿಯುತ್ತದೆ.

ನಿಜವಾದ ಶುದ್ಧಿ ಮಡ್ಡಿ, ಅಂದರೆ ರಸದ ಕೊಳೆ, ತೆಗೆಯುವುದರಲ್ಲಿದೆ. ತಾಜಾ ಕಬ್ಬಿನ ಹಾಲಿನ (ರಸದ) ಪಿಎಚ್, ಅಂದರೆ ಹುಳಿಯ ಅಳತೆ, 5.2ರ ಆಸುಪಾಸು. ಸುಣ್ಣದ ತಿಳಿಯನ್ನು ಸ್ವಲ್ಪಸ್ವಲ್ಪವೇ ಬಿಟ್ಟು 6ರಿಂದ 6.4ಕ್ಕೆ ತನ್ನಿ, ಪಿಎಚ್ ಕಾಗದ ಸಾಕು. ಸುಣ್ಣ ಹೆಚ್ಚಾದರೆ ಗ್ಲೂಕೋಸ್, ಫ್ರಕ್ಟೋಸ್ ಒಡೆದು ಬೆಲ್ಲ ಕಪ್ಪಾಗುತ್ತದೆ. ಬೆಂಡೆಯ ಹಸಿ ಕಾಂಡವನ್ನು ಜಜ್ಜಿ, ನೀರಿನಲ್ಲಿ ನೆನೆಸಿ, ಕಿವುಚಿದರೆ ಎಳೆ ಎಳೆಯಾಗಿ ಲೋಳೆ ಬರುತ್ತದೆ. ಹಾಲು ಬೆಚ್ಚಗಾದಾಗ ಅದನ್ನು ಸೇರಿಸಿ ಉರಿ ತಗ್ಗಿಸಿ. 85–90 ಡಿಗ್ರಿ ಹೊತ್ತಿಗೆ ಬೂದುಗಪ್ಪು ಮಡ್ಡಿ ಕಂಬಳಿಯಂತೆ ಮೇಲೇಳುತ್ತದೆ. ಕುದಿ ಹತ್ತುವ ಮೊದಲೇ ಅದನ್ನು ಪೂರ್ತಿ ಬಳಿದುಬಿಡಬೇಕು. ಒಮ್ಮೆ ಕುದಿ ಬಂತೋ, ಮಡ್ಡಿ ಒಡೆದು ಹಾಲಿಗೇ ಸೇರುತ್ತದೆ, ಆಮೇಲೆ ಯಾವ ಜಾಲರಿಗೂ ಸಿಗುವುದಿಲ್ಲ. ಬಹಳ ಕಡೆ ಕೆಡುವುದು ಇಲ್ಲೇ: ದಿನಕ್ಕೊಂದು ಅಡುಗೆ (ಒಂದು ಕೊಪ್ಪರಿಗೆ ಪಾಕ) ಹೆಚ್ಚು ಇಳಿಸುವ ಅವಸರ, ಆ ಅವಸರದ ತಪ್ಪಿಗೆ ಹೈಡ್ರೋಸ್ ತೇಪೆ.

ಮಡ್ಡಿ ಹೋದ ಮೇಲೆ ಉರಿ ಜೋರು ಮಾಡಿ. ನೊರೆ ಉಕ್ಕಿದರೆ ಒಂದು ಚಮಚ ಎಣ್ಣೆ. ಪಾಕದ ಹನಿ ತಣ್ಣೀರಿನಲ್ಲಿ ಉಂಡೆ ಕಟ್ಟಿದರೆ ಹದ. ಥರ್ಮಾಮೀಟರಿನಲ್ಲಿ 118ರಿಂದ 120. ಹದ ಬಂದೊಡನೆ ಇಳಿಸದಿದ್ದರೆ ತಳ ಹಿಡಿದು ಕಮಟು.

ಬಾಡಿಗೆ ಆಲೆಮನೆಯಾದರೆ ಕೊಪ್ಪರಿಗೆ, ತೊಟ್ಟಿ, ಅಚ್ಚು ತೊಳೆಸಿ ಬೆಳಗಿನ ಮೊದಲ ಅಡುಗೆ ನಿಮ್ಮದಾಗಿರಲಿ. ಹಿಂದಿನವರ ಹೈಡ್ರೋಸ್ ನಿಮ್ಮ ಪಾಕಕ್ಕೆ ಬರುವುದು ತೊಳೆಯದ ಕೊಪ್ಪರಿಗೆ, ಅಚ್ಚುಗಳಿಂದಲೇ.

ಕೊಪ್ಪರಿಗೆಯಲ್ಲಿ ತಿದ್ದಲಾಗದ ದೋಷಗಳೂ ಇವೆ. ಯೂರಿಯಾ ಆಗಲಿ ಕೋಳಿ ಗೊಬ್ಬರ ಆಗಲಿ, ತಡವಾಗಿ ಸಾರಜನಕ ಹೆಚ್ಚು ಕೊಟ್ಟ ಕಬ್ಬಿನ ಬೆಲ್ಲ ಮೆತ್ತಗೆ. ಸವಳು ನೆಲದ್ದು ಉಪ್ಪುಪ್ಪು. ಕಡಿದು 24 ಗಂಟೆ ದಾಟಿದರೆ ಕಬ್ಬಿನ ಸಕ್ಕರೆಯಾದ ಸುಕ್ರೋಸ್ ಒಡೆಯುತ್ತಾ ಹೋಗಿ ಅಚ್ಚು ಸರಿಯಾಗಿ ಕಟ್ಟುವುದಿಲ್ಲ. ಹೀಗೆ ಕಡಿದು ತಡವಾದ ಕಬ್ಬಿದ್ದರೆ ಗಟ್ಟಿ ಬೆಲ್ಲದ ಆಸೆ ಬಿಟ್ಟು 105–106 ಡಿಗ್ರಿಗೇ ಇಳಿಸಿ ಜೋನಿಬೆಲ್ಲ (ದ್ರವ ಬೆಲ್ಲ) ಮಾಡಿ. ಒಡೆದ ಸಕ್ಕರೆ ಇದ್ದಷ್ಟೂ ಜೋನಿ ಹರಳುಗಟ್ಟುವುದು ಕಡಿಮೆ.